ಎರಡು ಮಿಶನ್‌ಗಳ ನಡುವೆ

ನಾನು ಓದಿದ್ದು ಧಾರವಾಡದ ಬಾಸೆಲ್ ಮಿಶನ್ ಹೈಸ್ಕೂಲಿನಲ್ಲಿ. ಈಗ ಇರುವುದು ಫ್ರೀಮಾಂಟ್‌ನಲ್ಲಿ, ಮಿಶನ್ ಬುಲವಾರ್ಡ್ ರಸ್ತೆಯಿಂದ ಐದು ನಿಮಿಷದ ದಾರಿ. ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಮಿಶನ್ ಪೀಕ್ ಬೆಟ್ಟ ಕಾಣುತ್ತದೆ. 2006ರ ಬೇಸಿಗೆಯಲ್ಲಿ ಅಪ್ಪ, ಅವ್ವ ಮೊದಲ ಸಲ ಇಲ್ಲಿಗೆ ಬಂದಾಗ ಅಪ್ಪ ರಸ್ತೆಯ ಫಲಕಗಳನ್ನು ಒಂದೊಂದಾಗಿ ಓದಿ, "ಅಲ್ಲೋ, ಒಂದು ಮಿಶನ್ ಬಿಟ್ಟು ಇನ್ನೊಂದು ಮಿಶನ್ನಿಗೆ ಬಂದೀ ಅನ್ನು!" ಎಂದು ನಕ್ಕಿದ್ದರು.

ಅಪ್ಪ ಕನ್ನಡ ಮಾಸ್ತರರು. ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಕಿಟ್ಟೆಲ್ ನಿಘಂಟಿನ ನಾಲ್ಕು ಸಂಪುಟಗಳಿದ್ದವು. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸು ವಿಶ್ವವಿದ್ಯಾಲಯದವರು ಅಚ್ಚು ಹಾಕಿಸಿದ್ದು. ಕೈ ತೊಳೆಯದೆ ಅದನ್ನು ಮುಟ್ಟುವ ಹಾಗಿರಲಿಲ್ಲ. ನಾನು ಕನ್ನಡ ವ್ಯಾಕರಣದಲ್ಲಿ ತಪ್ಪು ಮಾಡಿದಾಗಲೆಲ್ಲ ಅಪ್ಪ ಆ ಕಪಾಟಿನ ಕಡೆ ಬೆರಳು ಮಾಡಿ, "ಬ್ಯಾರೆ ದೇಶದಾಂವ ಬಂದು ಕನ್ನಡ ಕಲತಾ. ನಿನಗೇನು ಧಾಡಿ?" ಎಂದು ಕೇಳುತ್ತಿದ್ದರು. ಹೀಗಾಗಿ ಎಷ್ಟೋ ವರ್ಷ ನನಗೆ ಕಿಟ್ಟೆಲ್ ಎಂದರೆ ಹೆಸರು ಕೇಳಿದರೇ ಸಿಟ್ಟು!

ಒಂದು ಭಾನುವಾರ ಅಪ್ಪನನ್ನು ಇಲ್ಲಿನ ಹಳೆಯ ಮಿಶನ್ ಸ್ಯಾನ್ ಹೋಸೆಗೆ ಕರೆದುಕೊಂಡು ಹೋದೆ. ಸ್ಪೇನಿನ ಪಾದ್ರಿಗಳು 1797ರಲ್ಲಿ ಕಟ್ಟಿದ ಮಿಶನ್ ಅದು. ಇಗರ್ಜಿ 1868ರ ಭೂಕಂಪದಲ್ಲಿ ಬಿದ್ದುಹೋಗಿ, 1985ರಲ್ಲಿ ಅದೇ ಮಾದರಿಯಲ್ಲಿ ಮತ್ತೆ ಎದ್ದು ನಿಂತಿದೆ. ಈ ನೆಲದ ಮೂಲ ನಿವಾಸಿಗಳು ಓಲೋನಿ ಜನ. ಅವರನ್ನು ಇಲ್ಲಿಗೆ ಕರೆತಂದು, ಕ್ರೈಸ್ತರನ್ನಾಗಿ ಮಾಡಿ, ಹೊಲದಲ್ಲಿ ದುಡಿಸಿದರು. ದಡಾರದಂಥ ರೋಗಗಳು ಬಂದು ಸಾವಿರಾರು ಜನ ಸತ್ತರು. ಹತ್ತಿರದಲ್ಲೇ ಅವರ ಸ್ಮಶಾನವಿದೆ. ಅಪ್ಪ ಎಲ್ಲವನ್ನೂ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಪ್ರಶ್ನೆ ಕೇಳಿದರು.

"ಈ ಪಾದ್ರಿಗೋಳು ಇಲ್ಲೀ ಮಂದಿ ಭಾಷಾಕ್ಕ ಡಿಕ್ಷನರಿ ಮಾಡ್ಯಾರೇನು?"

ನನಗೆ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಿ" ಎಂದೆ. ನೋಡಲಿಲ್ಲ. ಆಸ್ಪತ್ರೆ, ಡ್ಯೂಟಿ, ಮನೆ ಸಾಲ, ನಿಮಗೆಲ್ಲ ಗೊತ್ತಿರುವ ಕಥೆಯೇ. ಅಪ್ಪ 2012ರಲ್ಲಿ ತೀರಿಕೊಂಡರು. ಅವ್ವ ನಮ್ಮ ಜೊತೆ ಇರಲು ಬಂದಾಗ ಎರಡು ಸೂಟ್‌ಕೇಸಿನಲ್ಲಿ ಒಂದರ ತುಂಬ ಆ ನಾಲ್ಕು ಸಂಪುಟಗಳಿದ್ದವು. ಅವುಗಳನ್ನು ಶೆಲ್ಫಿನಲ್ಲಿಟ್ಟ ದಿನವೇ ನಾನು ಅಪ್ಪನ ಪ್ರಶ್ನೆಯನ್ನು ಬೆನ್ನಟ್ಟಿ ಓದಲು ಶುರು ಮಾಡಿದ್ದು. ಮೊದಲು ನಮ್ಮ ಕಡೆಯ ಮಿಶನರಿಗಳ ಬಗ್ಗೆ, ಆಮೇಲೆ ಇಲ್ಲಿಯವರ ಬಗ್ಗೆ.

ನಮ್ಮ ಕಡೆಯ ಕಥೆ ಹಲವರಿಗೆ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ನಿನಿಂದ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ನೀವು ಕೈಯಲ್ಲಿ ಹಿಡಿದಿರುವ ಈ ಸಂಚಿಕೆಗೂ ಒಂದು ರೀತಿಯಲ್ಲಿ ಅದೇ ಮುತ್ತಜ್ಜ. ಆಮೇಲೆ ಅವರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದು ವರ್ಷದ ಹುಡುಗ. ಮತಪ್ರಚಾರದಲ್ಲಿ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ. ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಬರೆದು 1862ರಲ್ಲಿ 'ಕಥಾಮಾಲೆ' ಎಂದು ಪ್ರಕಟಿಸಿದರು. 'ಶಬ್ದಮಣಿದರ್ಪಣ', 'ಛಂದೋಂಬುಧಿ'ಗಳನ್ನು ಸಂಪಾದಿಸಿದರು. ಕೊನೆಗೆ 1894ರಲ್ಲಿ ಸುಮಾರು 70,000 ಶಬ್ದಗಳ, 1,700ಕ್ಕೂ ಹೆಚ್ಚು ಪುಟಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು.

ಅವರು ಬಂದದ್ದು ಕನ್ನಡ ಸೇವೆಗಲ್ಲ ಎಂಬುದನ್ನೂ ಹೇಳಬೇಕು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಆತ 1846ರಲ್ಲಿ ಮೋಗ್ಲಿಂಗರ ಜೊತೆ ಸಮುದ್ರ ದಾಟಿ ಬಾಸೆಲ್‌ಗೆ ಹೋಗಿ, ಐದು ವರ್ಷ ಓದಿ, ತಿರುಗಿ ಬಂದು, ಮುಂದೆ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಹೆತ್ತವರ ಮನೆಯಲ್ಲಿ ಆಗಿರಬಹುದಾದ ಸಂಕಟವನ್ನು ಇಲ್ಲಿನ ತಂದೆ ತಾಯಂದಿರು ಸುಲಭವಾಗಿ ಊಹಿಸಬಲ್ಲರು! ಅಪ್ಪ ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು: "ಅವರು ಬಂದಿದ್ದು ನಮ್ಮ ದೇವರನ್ನ ಬಿಡಸಲಿಕ್ಕೆ. ಅದನ್ನ ಮರೀಬ್ಯಾಡ. ಕನ್ನಡದ ಕೆಲಸಾ ಮಾಡ್ಯಾರ. ಅದನ್ನೂ ಮರೀಬ್ಯಾಡ."

ಈ ಪುಸ್ತಕಗಳ ಹಿಂದೆ ಒಂದೊಂದು ಸಂಸಾರವಿತ್ತು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಬಾಸೆಲ್ ಮಿಶನರಿ ತನ್ನಿಷ್ಟದಂತೆ ಮದುವೆಯಾಗುವ ಹಾಗಿರಲಿಲ್ಲ. ಮೇಲಿನ ಸಮಿತಿಯ ಅಪ್ಪಣೆ ಬೇಕು. ಎಷ್ಟೋ ಸಲ ಹುಡುಗಿಯನ್ನು ಅಲ್ಲಿಯೇ ಗೊತ್ತು ಮಾಡಿ ಹಡಗು ಹತ್ತಿಸುತ್ತಿದ್ದರು. ಸರಿಯಾಗಿ ಮುಖವನ್ನೂ ನೋಡದ ಗಂಡನನ್ನು ಹುಡುಕಿಕೊಂಡು ಆಕೆ ಸಮುದ್ರ ದಾಟಿ ಬರಬೇಕು. ಎರಡು ವಾರದ ರಜೆಯಲ್ಲಿ ಊರಿಗೆ ಹೋಗಿ ಹುಡುಗಿ ನೋಡಿ ಮದುವೆ ಮಾಡಿಕೊಂಡು ಬಂದ ನಮ್ಮ ಪೀಳಿಗೆಯವರು ನಗುವ ಹಾಗಿಲ್ಲ. ಬಂದ ಹೆಂಡತಿ ಹೆಣ್ಣುಮಕ್ಕಳಿಗೆ ಅಕ್ಷರ, ಹೊಲಿಗೆ ಕಲಿಸಬೇಕು, ರೋಗಿಗಳನ್ನು ನೋಡಿಕೊಳ್ಳಬೇಕು. ಆದರೆ ಮಿಶನರಿ ಎಂಬ ಹೆಸರೂ, ಸಂಬಳವೂ ಗಂಡನಿಗೆ ಮಾತ್ರ. ಎಚ್-4 ವೀಸಾದ ಮೇಲೆ ಬಂದ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತನ್ನು ವಿವರಿಸುವ ಅಗತ್ಯವಿಲ್ಲ. ಕೆಲಸ ಮಾಡಲು ಪರವಾನಗಿ ಇಲ್ಲದೆ ಮನೆಯಲ್ಲಿ ಕೂತ ಎಷ್ಟೋ ಜನ ತಾಯಂದಿರೇ ಅಲ್ಲವೇ, ನಮ್ಮ ಮಕ್ಕಳಿಗೆ ವಾರಾಂತ್ಯದ ತರಗತಿಗಳಲ್ಲಿ ಅ, ಆ, ಇ, ಈ ತಿದ್ದಿಸಿದವರು?

ಕಿಟ್ಟೆಲ್ 1860ರಲ್ಲಿ ಪೌಲೀನಾ ಐಟ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ಮಂಗಳೂರಿನಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಕಿಟ್ಟೆಲ್ ಮದುವೆಯಾದರು. ಬೈಬಲನ್ನು ಕನ್ನಡಕ್ಕೆ ತರಲು ದುಡಿದ ವೈಗ್ಲೆ 1855ರಲ್ಲಿ ಸತ್ತರು. ಅವರ ವಿಧವೆಯನ್ನು 1857ರಲ್ಲಿ ಮೋಗ್ಲಿಂಗರು ಮದುವೆಯಾದರು. ಆಕೆಯ ಆರೋಗ್ಯ ಕೆಟ್ಟು 1860ರಲ್ಲಿ ಇಬ್ಬರೂ ಯುರೋಪಿಗೆ ಮರಳಬೇಕಾಯಿತು. ಮತ್ತೆ ಬರಲಾಗಲಿಲ್ಲ. ವೈದ್ಯನಾಗಿ ಈ ಇಸವಿಗಳನ್ನು ಓದುವಾಗ ನನ್ನ ಕಣ್ಣಿಗೆ ಕಾಣುವುದು ಕಾಲರಾ, ಆಮಶಂಕೆ, ಚಳಿಜ್ವರ, ಬಾಣಂತಿ ಜ್ವರ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಕೆಟ್ಟ ಗಾಳಿಯನ್ನು ಬೈದುಕೊಂಡೇ ಸತ್ತರು. ಬಾಸೆಲ್ ಮಿಶನ್ನಿನ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಅವರು ಉಡುಪಿಯಲ್ಲಿ ಆಸ್ಪತ್ರೆ ತೆರೆದದ್ದು 1923ರಲ್ಲಿ. ಇಂದಿಗೂ ಅಲ್ಲಿಯವರ ಬಾಯಲ್ಲಿ ಅದು ಮಿಶನ್ ಆಸ್ಪತ್ರೆಯೇ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅವರ ಮಕ್ಕಳ ಕಥೆ. ಮಿಶನರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬರುತ್ತಲೇ ಯುರೋಪಿಗೆ ಹೋಗಬೇಕು ಎಂದು 1853ರಲ್ಲಿ ಬಾಸೆಲ್ ಸಮಿತಿ ನಿಯಮ ಮಾಡಿತು. ಹವೆ ಒಗ್ಗುವುದಿಲ್ಲ, ಓದು ಹಾಳಾಗುತ್ತದೆ, ಊರ ಜನರ ಸಹವಾಸದಿಂದ ಕೆಡುತ್ತಾರೆ, ಇವು ಕಾರಣಗಳು. ಐದಾರು ವರ್ಷದ ಮಗು, ಆಯಾಳ ಸೊಂಟದ ಮೇಲೆ ಕೂತು ಅವಳ ಭಾಷೆಯನ್ನೇ ಮೊದಲು ಆಡಲು ಕಲಿತದ್ದು, ಹಡಗು ಹತ್ತಿ ಬಾಸೆಲ್‌ನ ಮಕ್ಕಳ ಮನೆಗೋ, ನೆಂಟರ ಮನೆಗೋ ಹೋಗುತ್ತಿತ್ತು. ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಮತ್ತೆ ತಂದೆ ತಾಯಿಯ ಮುಖ ನೋಡುವುದು ಎಷ್ಟೋ ವರ್ಷದ ಮೇಲೆ.

ಮಲಯಾಳ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ನಿಯಮ ಬರುವ ಮೊದಲೇ, ಎಳೆಯ ವಯಸ್ಸಿನಲ್ಲೇ, ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಕೆಲಸಕ್ಕೆ ಮರಳಿದರು. ತಾಯಿ ಜೂಲಿ ಇಲ್ಲಿ ಊರ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದಾಕೆ. ಮರೀ ಮತ್ತೆ ಮಲಬಾರಿಗೆ ಬಂದದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಊರವರ ಮಕ್ಕಳನ್ನೆಲ್ಲ ಹತ್ತಿರ ಕೂರಿಸಿಕೊಂಡು ಕಲಿಸಿದ ತಾಯಿಗೆ ಸ್ವಂತ ಮಗಳು ಬೆಳೆದದ್ದು ಕಾಣಸಿಗಲಿಲ್ಲ. ಆ ಮರೀ ಮುಂದೆ, ಮಂಗಳೂರಿನಲ್ಲಿ ಮಿಶನರಿಯಾಗಿದ್ದ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ ಅವಳ ಮಗ.

ಇದನ್ನು ಓದಿ ನಾನು ಮೊದಲು ನಿಟ್ಟುಸಿರು ಬಿಟ್ಟೆ. ಪುಣ್ಯಕ್ಕೆ ನಮ್ಮ ಮಕ್ಕಳು ನಮ್ಮ ಜೊತೆಗೇ ಇದ್ದಾರಲ್ಲ! ಆಮೇಲೆ ನನ್ನ ಮಗಳ ನೆನಪಾಗಿ ಆ ಸಮಾಧಾನವೂ ಉಳಿಯಲಿಲ್ಲ.

ಅವಳಿಗೆ ಆರು ವರ್ಷವಿದ್ದಾಗ ಮನೆಯಲ್ಲಿ ಗಣೇಶನ ಹಬ್ಬಕ್ಕೆ ಇಪ್ಪತ್ತು ಜನ ಸೇರಿದ್ದೆವು. ಯಾರೋ "ಅಪ್ಪ ಎಲ್ಲಮ್ಮಾ?" ಎಂದು ಕೇಳಿದರು. ಮಗಳು "ಅಪ್ಪ ಅಂಗಡಿಗೆ ಹೋಯಿತು" ಎಂದಳಂತೆ. ಮನೆಯೆಲ್ಲ ನಗು. ನಾನು ಬಂದ ಮೇಲೆ ಅದನ್ನು ಮತ್ತೆ ಹೇಳಿಸಿ ನಕ್ಕೆವು. ಆಮೇಲೂ ಎಷ್ಟೋ ಪಾರ್ಟಿಗಳಲ್ಲಿ, "ನಾನು 'ಹೋಯಿತು' ಆದ ಕಥೆ ಗೊತ್ತಾ?" ಎಂದು ನಾನೇ ಎಲ್ಲರಿಗೂ ಹೇಳಿ ನಗಿಸಿದೆ. ಅಲ್ಲಿಂದ ಮುಂದೆ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದಳು. ಶನಿವಾರದ ಕನ್ನಡ ತರಗತಿಗೆ ಹೋದಳು, ಓದಲು ಬರೆಯಲು ಕಲಿತಳು, ಆಡಲಿಲ್ಲ. ಕಿಟ್ಟೆಲ್ ಕೂಡ ಹುಬ್ಬಳ್ಳಿ ಧಾರವಾಡದಲ್ಲಿ ಮೊದಮೊದಲು ಇಂಥ ತಪ್ಪು ಎಷ್ಟು ಮಾಡಿರಬೇಕು, ಜನ ಎಷ್ಟು ನಕ್ಕಿರಬೇಕು. ಆದರೆ ಅವರಿಗೆ ಇಪ್ಪತ್ತೊಂದು ವರ್ಷವಾಗಿತ್ತು. ಇವಳಿಗೆ ಆರು. ನಕ್ಕವನು ಅಪ್ಪ.

ಅಜ್ಜಿಗೂ ಮೊಮ್ಮಗಳಿಗೂ ನಡುವೆ ಒಂದು ಒಪ್ಪಂದ ತಾನಾಗಿಯೇ ಆಗಿಹೋಗಿತ್ತು. ಅವ್ವನೇ ಇಂಗ್ಲಿಷ್ ಕಲಿತರು. "ಈಟ್, ಈಟ್", "ಸ್ವೆಟರ್ ವೇರ್", "ಹೋಂವರ್ಕ್ ಫಿನಿಶ್?" ಎಪ್ಪತ್ತು ದಾಟಿದವರು ನಮ್ಮ ಮಗಳಿಗಾಗಿ ಭಾಷೆ ಕಲಿಯುತ್ತಿದ್ದಾರೆಂದು ನಾವು ಹೆಮ್ಮೆಪಟ್ಟೆವು. ಕಲಿಯಬೇಕಾದವರು ಯಾರು ಎಂದು ಯೋಚಿಸಲಿಲ್ಲ.

2018ರ ಫೆಬ್ರವರಿಯಲ್ಲಿ ಅವ್ವನಿಗೆ ಸ್ಟ್ರೋಕ್ ಆಯಿತು. ಎಡ ಮಿದುಳು. ಬಲಗೈ ಸೋತಿತು, ಮಾತು ನಿಂತಿತು. ಅಫೇಸಿಯಾ ಎನ್ನುತ್ತೇವೆ. ಬುದ್ಧಿ ಸರಿಯಾಗಿರುತ್ತದೆ, ಎದುರಿಗಿರುವವರು ಯಾರೆಂದು ಗೊತ್ತಿರುತ್ತದೆ, ಶಬ್ದ ಮಾತ್ರ ಸಿಗುವುದಿಲ್ಲ. ಎರಡು ಭಾಷೆ ಬಲ್ಲವರಲ್ಲಿ ಎರಡೂ ಸಮನಾಗಿ ಹೋಗಬೇಕೆಂದಿಲ್ಲ, ಸಮನಾಗಿ ಮರಳಬೇಕೆಂದೂ ಇಲ್ಲ. ಅವ್ವನ ಇಂಗ್ಲಿಷ್ ಪೂರ್ತಿ ಅಳಿಸಿಹೋಯಿತು. ಕನ್ನಡದಲ್ಲಿ "ಹಾಂ", "ಅಯ್ಯ" ಇಷ್ಟೇ ಉಳಿಯಿತು. ಸ್ಪೀಚ್ ಥೆರಪಿಸ್ಟ್ ಬಹಳ ಒಳ್ಳೆಯ ಹೆಣ್ಣುಮಗಳು. ಆದರೆ ಆಕೆಯ ಚಿತ್ರದ ಕಾರ್ಡುಗಳೆಲ್ಲ ಇಂಗ್ಲಿಷಿನವು. "ನಿಮ್ಮ ಮನೆಯಲ್ಲಿ ಬಳಸುವ ಶಬ್ದಗಳನ್ನು ನೀವೇ ಮಾಡಿಕೊಂಡು ಬನ್ನಿ" ಎಂದರು. ನಾನು ಡ್ಯೂಟಿಗೆ ಹೋದೆ. ಮಗಳು ಮಾಡಿಕೊಂಡು ಬಂದಳು.

ಹದಿನಾರು ವರ್ಷದ ಹುಡುಗಿ ಅಜ್ಜಿಯ ಅಡಿಗೆಮನೆಯ ಸಾಮಾನುಗಳ ಫೋಟೋ ತೆಗೆದು, ಹಿಂದೆ ಕನ್ನಡ ಅಕ್ಷರದಲ್ಲಿ ಹೆಸರು ಬರೆದಳು. ತಾಟು, ಚಮಚ, ಹಂಚು, ಈಳಿಗೆ, ಲಟ್ಟಣಿಗೆ. ಕಾಗುಣಿತ ಅನುಮಾನ ಬಂದಾಗ ನನ್ನನ್ನು ಕೇಳಲಿಲ್ಲ. ತಾತನ ಕಪ್ಪು ರಟ್ಟಿನ ಸಂಪುಟ ತೆಗೆದು ನೋಡಿದಳು. ಶನಿವಾರದ ತರಗತಿಯಲ್ಲಿ ಕಲಿತ ವರ್ಣಮಾಲೆಯ ಕ್ರಮ ಆಗ ಉಪಯೋಗಕ್ಕೆ ಬಂತು. ಶಾಲೆ ಮುಗಿಸಿ ದಿನಾ ಸಂಜೆ ಬಂದು, ಹಾಸಿಗೆಯ ಪಕ್ಕದಲ್ಲಿ ಕೂತು, ಒಂದೊಂದೇ ಕಾರ್ಡು ತೋರಿಸುತ್ತಿದ್ದಳು. ತಾನು ಮೊದಲು ಹೇಳಬೇಕು, ಅಜ್ಜಿ ಆಮೇಲೆ ಹೇಳಬೇಕು. ಹತ್ತು ವರ್ಷದ ಮೇಲೆ ನಾನು ಅವಳ ಬಾಯಲ್ಲಿ ಕನ್ನಡ ಕೇಳಿದ್ದು ಆ ಕೋಣೆಯ ಬಾಗಿಲಲ್ಲಿ ನಿಂತು.

ಆ ದಿನಗಳಲ್ಲಿ, ರಾತ್ರಿ ಅವ್ವ ಮಲಗಿದ ಮೇಲೆ, ಅಪ್ಪನ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತು. ಹೌದು, ಮಾಡಿದ್ದಾರೆ. ನಮ್ಮಲ್ಲಿಂದ ದಕ್ಷಿಣಕ್ಕೆ, ಗಿಲ್ರಾಯ್ ದಾಟಿದರೆ ಸಿಗುವ ಸ್ಯಾನ್ ಹ್ವಾನ್ ಬೌಟಿಸ್ಟಾ ಮಿಶನ್ನಿನಲ್ಲಿ ಅರೋಯೊ ದೆ ಲಾ ಕುಯೆಸ್ತಾ ಎಂಬ ಪಾದ್ರಿ ಇದ್ದರು. ಓಲೋನಿ ಭಾಷೆಗಳಲ್ಲಿ ಒಂದಾದ ಮುತ್ಸುನ್ ಭಾಷೆಯ ವ್ಯಾಕರಣವನ್ನೂ, ಎರಡೂವರೆ ಸಾವಿರಕ್ಕೂ ಹೆಚ್ಚು ಮಾತುಗಳ ಸಂಗ್ರಹವನ್ನೂ ಬರೆದಿಟ್ಟರು. ಕಿಟ್ಟೆಲ್ ಹುಟ್ಟುವ ಮೊದಲೇ! ಅವು ಅಚ್ಚಾದದ್ದು 1860ರ ದಶಕದ ಆರಂಭದಲ್ಲಿ, 'ಕಥಾಮಾಲೆ' ಬಂದ ಹೊತ್ತಿನಲ್ಲೇ.

ಆದರೆ ಆ ಭಾಷೆಯ ಗತಿ ಬೇರೆಯಾಯಿತು. ಕಿಟ್ಟೆಲ್ ಬಂದಾಗ ಕನ್ನಡಕ್ಕೆ ಸಾವಿರ ವರ್ಷದ ಸಾಹಿತ್ಯವಿತ್ತು, ಮನೆಮನೆಯಲ್ಲಿ ಆಡುವ ಜನರಿದ್ದರು. ಇಲ್ಲಿ ಜನರೇ ಅಳಿದರು. ಉಳಿದವರು ಮಕ್ಕಳ ಹಿತಕ್ಕೆಂದು ಸ್ಪ್ಯಾನಿಷ್, ಆಮೇಲೆ ಇಂಗ್ಲಿಷ್ ಹಿಡಿದರು. ಮುತ್ಸುನ್ ಚೆನ್ನಾಗಿ ಬಲ್ಲ ಕೊನೆಯಾಕೆ ಅಸೆನ್ಸಿಯೋನ್ ಸೊಲೋರ್ಸಾನೊ, ಗಿಲ್ರಾಯ್‌ನಲ್ಲಿ ಬಡವರಿಗೆ ನಾಟಿ ಔಷಧಿ ಕೊಡುತ್ತಿದ್ದ ಅಜ್ಜಿ. ಆಕೆ ಸಾಯುವ ಹಾಸಿಗೆಯಲ್ಲಿದ್ದಾಗ ಜೆ.ಪಿ. ಹ್ಯಾರಿಂಗ್ಟನ್ ಎಂಬ ವಿದ್ವಾಂಸರು ಪಕ್ಕದಲ್ಲಿ ಕೂತು ಪುಟಗಟ್ಟಲೆ ಬರೆದುಕೊಂಡರು. 1930ರ ಜನವರಿಯಲ್ಲಿ ಆಕೆ ತೀರಿಕೊಂಡರು. ಈಗ ಆ ಜನರ ಮರಿಮಕ್ಕಳು ಪಾದ್ರಿಯ ಪುಸ್ತಕವನ್ನೂ ಹ್ಯಾರಿಂಗ್ಟನ್ನರ ಟಿಪ್ಪಣಿಗಳನ್ನೂ ಇಟ್ಟುಕೊಂಡು ಒಂದೊಂದೇ ಮಾತು ಮತ್ತೆ ಕಲಿಯುತ್ತಿದ್ದಾರೆ. 2016ರಲ್ಲಿ ಹೊಸ ಮುತ್ಸುನ್ ನಿಘಂಟು ಬಂದಿದೆ. ಅದನ್ನು ಮಾಡಿದವರಲ್ಲಿ ಆ ಜನಾಂಗದವರೂ ಇದ್ದಾರೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇಂಥವರಿಗಾಗಿಯೇ ಕಾರ್ಯಾಗಾರಗಳು ನಡೆದಿವೆ.

ಅಪ್ಪನಿಗೆ ಇದನ್ನು ಹೇಳಲಾಗಲಿಲ್ಲ. ಹೇಳಿದ್ದರೆ ಸಂತೋಷಪಡುತ್ತಿದ್ದರೋ, ಇಲ್ಲ ಸುಮ್ಮನಾಗುತ್ತಿದ್ದರೋ. ಅಕ್ಕರೆಯಿಂದ ಮಾಡಿದ ನಿಘಂಟು ಇದ್ದರೂ ಭಾಷೆ ನಿಲ್ಲಬಹುದು. ಮತ್ತೆ ಹುಡುಕಿಕೊಂಡು ಬಂದವರಿಗೆ ಆ ನಿಘಂಟೇ ಬೇಕು. ಆದರೆ ಅದನ್ನು ತೆರೆಯುವ ಮಗುವೊಂದು ಮನೆಯಲ್ಲಿರಬೇಕು.

ಅವ್ವನಿಗೆ ಮಾತು ಬಂದದ್ದು ಐದನೆಯ ವಾರದಲ್ಲಿ. ಕಾರ್ಡಿನಲ್ಲಿದ್ದ ಯಾವ ಶಬ್ದವೂ ಅಲ್ಲ. ಸಂಜೆ ಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಒಳಗೆ ಬಂದಳು. ಅವ್ವ ಅವಳನ್ನೇ ನೋಡಿ, ತುಟಿ ಒಂದೆರಡು ಸಲ ಅಲ್ಲಾಡಿಸಿ, ನಿಧಾನಕ್ಕೆ, ತಮ್ಮ ಹಳೆಯ ದನಿಯಲ್ಲೇ ಕೇಳಿದರು.

"ಉಂಡೀ ಏನವಾ?"

ತರಗತಿಯಲ್ಲಿ ಮಗಳು ಕಲಿತದ್ದು 'ಊಟ ಆಯಿತಾ' ಎಂದು. ಆದರೂ ಅವಳಿಗೆ ತಿಳಿಯಿತು. ಅಜ್ಜಿಯ ಕೈ ಹಿಡಿದುಕೊಂಡು, "ಉಂಡೆ ಅಜ್ಜಿ. ನೀವು ಉಂಡಿತಾ?" ಎಂದಳು.

ನಾನು ಅಲ್ಲೇ ಕುರ್ಚಿಯಲ್ಲಿದ್ದೆ. ತಿದ್ದಲಿಲ್ಲ, ನಗಲೂ ಇಲ್ಲ.

ಅವ್ವ ಇನ್ನೂ ಮೂರು ವರ್ಷ ನಮ್ಮ ಜೊತೆಗಿದ್ದರು. ಒಂದು ನೂರು ಶಬ್ದ ಮರಳಿತ್ತು, ಅಷ್ಟರಲ್ಲೇ ಸಂಸಾರ ನಡೆಸಿದರು. ಮಗಳ ಕಾರ್ಡುಗಳು ಈಗ ಮೊದಲ ಸಂಪುಟದೊಳಗೆ ಇವೆ. ಕೆಲವನ್ನು ಪ್ರತಿ ಮಾಡಿ ಆ ಥೆರಪಿಸ್ಟ್‌ಗೂ ಕೊಟ್ಟು ಬಂದಿದ್ದೇವೆ, ಮುಂದೆ ಬರುವ ಯಾವುದಾದರೂ ಕನ್ನಡದ ಅಜ್ಜಿಗೆ ಬೇಕಾಗಬಹುದೆಂದು.

ಹಬ್ಬದ ಈ ದಿನ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ಯಾವುದಾದರೂ ಮಗು ನಿಮ್ಮ ಜೊತೆ ಕನ್ನಡದಲ್ಲಿ ಮಾತಾಡಿ "ಅಪ್ಪ ಹೋಯಿತು" ಎಂದರೆ, ದಯವಿಟ್ಟು "ಎಲ್ಲಿಗೆ ಹೋದರಪ್ಪಾ?" ಎಂದು ಕೇಳಿ ಮಾತು ಮುಂದುವರಿಸಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.